ತೋಟದ ಮನೆಯ ನಾಯಿ: ಉಣ್ಣೆ, ಇಂಬಳ, ಕಿವಿಸೋರಿಕೆಗಳನ್ನು ನಿಭಾಯಿಸುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ನಾಯಿಯನ್ನು ದಿನವಿಡೀ ಕಟ್ಟಿಹಾಕುವವರು ಕಡಿಮೆ. ಬೆಳಗ್ಗೆ ಬಿಟ್ಟ ನಾಯಿ ಕಾಫಿ ಗಿಡಗಳ ಬುಡದಲ್ಲೆಲ್ಲ ನುಸುಳಿ, ಹಳ್ಳದಲ್ಲಿ ನೀರು ಕುಡಿದು, ಊಟದ ಹೊತ್ತಿಗೆ ಜಗಲಿಗೆ ಬಂದು ಮಲಗುತ್ತದೆ. ಆ ಸುತ್ತಾಟದಲ್ಲಿ ಅದು ಏನೇನು ಹೊತ್ತು ತಂದಿದೆ ಎಂಬುದನ್ನು ದಿನಕ್ಕೊಮ್ಮೆ ಐದು ನಿಮಿಷ ಮೈಮೇಲೆ ಕೈಯಾಡಿಸಿ ನೋಡಿದರೆ, ಇಲ್ಲಿನ ಅನೇಕ ಕಾಯಿಲೆಗಳು ಆರಂಭದಲ್ಲೇ ಕೈಗೆ ಸಿಗುತ್ತವೆ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳ ಸಂದು, ಬಾಲದ ಬುಡ ಇವಿಷ್ಟನ್ನು ತಡವಿ, ಕೊನೆಗೆ ತುಟಿಯನ್ನೆತ್ತಿ ಒಸಡನ್ನು ನೋಡಬೇಕು. ಆರೋಗ್ಯವಂತ ನಾಯಿಯ ಒಸಡು ನಸುಗೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಒಸಡೇ ಕಪ್ಪಾಗಿರುವ ನಾಯಿಗಳಲ್ಲಿ ಕೆಳರೆಪ್ಪೆಯನ್ನು ಎಳೆದು ಒಳಭಾಗವನ್ನು ನೋಡಬಹುದು.

ಬೇಸಿಗೆಯಲ್ಲಿ ಮೊದಲ ಚಿಂತೆ ಉಣ್ಣೆಯದು. ಕಚ್ಚಿಕೊಂಡಿರುವ ಉಣ್ಣೆಯನ್ನು ಚಿಮ್ಮಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ, ಅದರ ಬಾಯಿಯ ಭಾಗದಲ್ಲೇ ಹಿಡಿದು, ತಿರುಚದೆ ನಿಧಾನವಾಗಿ ನೇರಕ್ಕೆ ಎಳೆಯಬೇಕು. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು ನಮ್ಮಲ್ಲಿ ರೂಢಿಯಾದರೂ, ಹಾಗೆ ಮಾಡಿದಾಗ ಚರ್ಮ ಸುಡುವುದಲ್ಲದೆ ಕೆರಳಿದ ಉಣ್ಣೆ ತನ್ನ ಜೊಲ್ಲನ್ನು ಗಾಯಕ್ಕೇ ಕಕ್ಕುವ ಅಪಾಯವಿದೆ. ಬರಿಗೈಯಿಂದ ಹೊಸಕುವುದಂತೂ ಕೂಡದು, ಏಕೆಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಕಾಡಿನ ಉಣ್ಣೆಯಿಂದಲೇ ಮನುಷ್ಯರಿಗೆ ಬರುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ನಾಯಿಯ ಮೈಮೇಲಿನ ಕಂದು ಉಣ್ಣೆ ರಕ್ತ ಕುಡಿದು ಉದುರಿದ ಮೇಲೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದರಿಂದ, ನಾಯಿಗೆ ಮಾತ್ರ ಔಷಧಿ ಹಾಕಿ ಅದು ಮಲಗುವ ಗೋಣಿಚೀಲವನ್ನು ಹಾಗೆಯೇ ಬಿಟ್ಟರೆ ಶ್ರಮವೆಲ್ಲ ನೀರಪಾಲು. ಔಷಧಿಯ ಪ್ರಮಾಣ ನಾಯಿಯ ತೂಕದ ಮೇಲೆ ನಿರ್ಧಾರವಾಗುತ್ತದೆ. ದನಕ್ಕೆಂದು ತಂದ ಉಣ್ಣೆಯ ಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಬಳಿಯುವುದು, ನಾಯಿಯ ಕತ್ತಿಗೆ ಹಾಕುವ ಪರ್ಮೆಥ್ರಿನ್ ಎಂಬ ಕೀಟನಾಶಕವಿರುವ ಹನಿಯನ್ನು ಬೆಕ್ಕಿಗೂ ಹಾಕುವುದು ಜೀವಕ್ಕೇ ಕುತ್ತು ತರಬಹುದು.

ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ ಕಾಣಿಸಿಕೊಳ್ಳಬಹುದು. ನಮ್ಮ ಮನೆಯ ನಾಯಿ ಒಮ್ಮೆ ಏಪ್ರಿಲ್‌ನಲ್ಲಿ ಅನ್ನ ಬಿಟ್ಟಾಗ ಸೆಕೆಗೆ ಹೀಗಾಗಿದೆ ಎಂದು ನಾವು ಸುಮ್ಮನಿದ್ದೆವು. ಮೂರನೆಯ ದಿನ ಅದು ಕಣದ ಅಂಚಿನಲ್ಲಿ ಕಾಲೆತ್ತಿದಾಗ ಸಿಮೆಂಟಿನ ಮೇಲೆ ಹರಿದದ್ದು ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ. ತುಟಿ ಎತ್ತಿದರೆ ಒಸಡು ಸುಣ್ಣದಂತೆ ಬಿಳಿಚಿತ್ತು. ರಕ್ತಪರೀಕ್ಷೆಯಲ್ಲಿ, ಉಣ್ಣೆಯಿಂದ ಹರಡಿ ಕೆಂಪು ರಕ್ತಕಣಗಳನ್ನು ಕೆಡಿಸುವ ಬೆಬೀಸಿಯ ಎಂಬ ಪರೋಪಜೀವಿಯ ಸೋಂಕು ಎಂದು ತಿಳಿಯಿತು, ಚಿಕಿತ್ಸೆಯಿಂದ ಬದುಕಿಕೊಂಡಿತು; ಆದರೆ ಆ ಮೂರು ದಿನಗಳ ಉದಾಸೀನ ನಮ್ಮದೇ. ನಾಯಿಯ ಸಹಜ ಉಷ್ಣಾಂಶ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಮುಟ್ಟಿ ನೋಡಿ ಜ್ವರವನ್ನು ಅಳೆಯಲಾಗದು. ಗುದದ್ವಾರದಲ್ಲಿ ಇಡುವ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ನಮ್ಮ ಜ್ವರದ ಮಾತ್ರೆಯನ್ನು ಕೊಡಬಾರದು: ಬೆಕ್ಕಿಗೆ ಒಂದು ಪ್ಯಾರಾಸಿಟಮಾಲ್ ಮಾತ್ರೆಯೇ ಪ್ರಾಣಾಂತಿಕವಾಗಬಲ್ಲದು, ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಜೂನ್ ಹಿಡಿದ ಮೇಲೆ ಇಂಬಳದ ಕಾಲ. ಕಾಲಿಗೆ ಹತ್ತಿದ ಇಂಬಳ ಉಪ್ಪು ತಾಗಿಸಿದರೆ ಬಿಡುತ್ತದೆ. ಆಮೇಲೂ ರಕ್ತ ಒಸರುವುದು ಅದರ ಜೊಲ್ಲಿನ ಗುಣದಿಂದ, ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿದರೆ ಸಾಕು. ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಸೇರಿಕೊಳ್ಳುವ ಜಿಗಣೆಯದೇ ಬೇರೆ ಸಂಗತಿ. ಒಂದೇ ಹೊಳ್ಳೆಯಿಂದ ರಕ್ತ, ಪದೇ ಪದೇ ಸೀನು, ಪಂಜದಿಂದ ಮೂಗು ಉಜ್ಜಿಕೊಳ್ಳುವುದು ಅದರ ಗುರುತು. ಕೆಲವು ಗಂಟೆ ನೀರು ಕೊಡದೆ ಇಟ್ಟು, ಆನಂತರ ತಣ್ಣೀರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರೆ ಜಿಗಣೆ ತುದಿಯನ್ನು ಹೊರಚಾಚುವುದುಂಟು, ಆಗ ಚಿಮ್ಮಟದಿಂದ ಹಿಡಿದು ಎಳೆಯಬಹುದು. ಹೊರಬರದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕೇ ಹೊರತು ಹೊಳ್ಳೆಗೆ ಉಪ್ಪುನೀರನ್ನಾಗಲಿ ಹೊಗೆಸೊಪ್ಪಿನ ರಸವನ್ನಾಗಲಿ ಸುರಿಯಬಾರದು.

ಮಳೆ ಬಿಡದೆ ಸುರಿಯುವ ವಾರಗಳಲ್ಲಿ ಜೋಲುಕಿವಿಯ ನಾಯಿಗಳು, ಮುಖ್ಯವಾಗಿ ಲ್ಯಾಬ್ರಡಾರ್‌ಗಳು, ತಲೆ ಕೊಡವುತ್ತಲೇ ಇರುತ್ತವೆ. ಒದ್ದೆ ಕಿವಿಯಲ್ಲಿ ಬೂಷ್ಟು ಬೆಳೆದು, ಹುಳಿವಾಸನೆಯ ಕಂದು ಜಿಡ್ಡು ಸೋರುತ್ತದೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡುವುದು ಅಜ್ಜಿಯರ ಕಾಲದ ಮದ್ದಾದರೂ ಇಲ್ಲಿ ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಹೊರಕಿವಿಯನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಒಳಕ್ಕೆ ಕಡ್ಡಿ ಹಾಕದೆ, ಕಿವಿತಮಟೆ ಸರಿಯಿದೆಯೇ ಎಂದು ವೈದ್ಯರು ನೋಡಿದ ಮೇಲಷ್ಟೇ ಹನಿಮದ್ದು ಹಾಕಬೇಕು. ಮನೆಗೆ ಬಂದ ಒದ್ದೆ ನಾಯಿಯ ಕಾಲ್ಬೆರಳ ಸಂದನ್ನೂ ಹಾಗೆಯೇ ಒರೆಸಿದರೆ ಚರ್ಮದ ತುರಿಕೆ ಅರ್ಧ ಕಡಿಮೆಯಾಗುತ್ತದೆಂಬುದು ನನ್ನ ಅನುಭವ.

ಲಸಿಕೆಯಿಂದ ತಡೆಯಬಹುದಾದ ಕಾಯಿಲೆಗಳಲ್ಲಿ ಪಾರ್ವೊ ಎಂಬ ವೈರಸ್ ಸೋಂಕು ಮರಿಗಳನ್ನು ಬೇಗ ಕೊಲ್ಲುತ್ತದೆ. ವಾಂತಿ, ರಕ್ತ ಬೆರೆತ ದುರ್ವಾಸನೆಯ ಭೇದಿ ಕಂಡರೆ ಮಜ್ಜಿಗೆ ಕುಡಿಸುತ್ತ ಕೂರದೆ ಡ್ರಿಪ್ ಹಾಕಿಸಬೇಕು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಅನಂತರ ಹದಿನಾರು ವಾರದವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿದ ಸಾಕುನಾಯಿಯೇ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಒಸಡು ಬಿಳಿಚಿದರೆ, ಮೂತ್ರ ಕಪ್ಪಾದರೆ, ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದರೆ, ಇಲಿಪಾಷಾಣ ತಿಂದ ಸಂಶಯವಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೊರಡುವಾಗ ಲಸಿಕೆಯ ಪುಸ್ತಕ, ಕಿತ್ತ ಉಣ್ಣೆ ಇದ್ದರೆ ಮುಚ್ಚಳ ಭದ್ರವಾದ ಸೀಸೆಯಲ್ಲಿ ಅದು, ತಿಂದ ಪಾಷಾಣದ ಖಾಲಿ ಪೊಟ್ಟಣ ಇವು ಕೈಯಲ್ಲಿರಲಿ.