ಫ್ಲಾರೆನ್ಸ್: ಮೊದಲು ಗುಮ್ಮಟದ ಟಿಕೆಟ್, ಆಮೇಲೆ ರೈಲು

ಇಟಲಿಯ ಫ್ಲಾರೆನ್ಸ್‌ಗೆ ರೈಲು, ಹೋಟೆಲ್ ನೋಡುವುದಕ್ಕೂ ಮುಂಚೆ ನಾನು ತೆಗೆದದ್ದು ಅಲ್ಲಿನ ಮುಖ್ಯ ಚರ್ಚಾದ ದುವೊಮೊದ ಗುಮ್ಮಟ ಹತ್ತುವ ಟಿಕೆಟ್. ಅದಕ್ಕೆ ದಿನ, ಗಂಟೆ ಎರಡೂ ನಿಗದಿ. ಒಮ್ಮೆ ತೆಗೆದ ಮೇಲೆ ಬದಲಾಯಿಸಲು ಬರುವುದಿಲ್ಲ. ‘ಬ್ರುನೆಲೆಸ್ಕಿ ಪಾಸ್’ ಅನ್ನೇ ಆರಿಸಬೇಕು, ಜೊತ್ತೊ ಮತ್ತು ಗಿಬೆರ್ತಿ ಪಾಸ್‌ಗಳಲ್ಲಿ ಗುಮ್ಮಟ ಸೇರಿಲ್ಲ. ಪಾಸ್ ಮೂರು ದಿನ ನಡೆಯುತ್ತದೆ, ಹಾಗಾಗಿ ಗಂಟೆಗೋಪುರ, ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನದ ಕಟ್ಟಡ), ದುವೊಮೊ ಮ್ಯೂಸಿಯಂಗಳನ್ನು ಅದೇ ದಿನ ಮುಗಿಸಬೇಕಿಲ್ಲ. ಉಫೀಜಿ, ಅಕಾದೆಮಿಯ ಎಂಬ ಎರಡು ಕಲಾ ಮ್ಯೂಸಿಯಂಗಳಿಗೂ ಸೋಮವಾರ ರಜೆ. ನಾನು ಮಂಗಳವಾರ, ಬುಧವಾರ ಹಿಡಿದೆ. ತಿಂಗಳ ಮೊದಲ ಭಾನುವಾರ ಅಲ್ಲಿ ಪ್ರವೇಶ ಉಚಿತ ನಿಜ, ಆದರೆ ಉಳಿಸಿದ ದುಡ್ಡಷ್ಟೂ ಕ್ಯೂನಲ್ಲಿ ಕರಗುತ್ತದೆ.

ಗುಮ್ಮಟಕ್ಕೆ ಬೆಳಗಿನ ಮೊದಲ ಹೊತ್ತೇ ಲೇಸು. ಮೆಟ್ಟಿಲು 463, ಲಿಫ್ಟ್ ಇಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬೆನ್ನಿನ ಬ್ಯಾಗನ್ನು ಮೊದಲೇ ಲಗೇಜ್ ಕೌಂಟರಿನಲ್ಲಿ ಕೊಡಬೇಕು, ಅದಕ್ಕೆ ಹದಿನೈದು ನಿಮಿಷ ಕೈಯಲ್ಲಿರಲಿ. ಅರ್ಧ ಹತ್ತಿದಾಗ ಒಳಗಿನ ಕಟ್ಟೆಯ ಮೇಲೆ ಬರುತ್ತೀರಿ. ವಸಾರಿ, ಜುಕ್ಕಾರಿ ಬರೆದ ಅಂತಿಮ ತೀರ್ಪಿನ ಚಿತ್ರ ತಲೆಯ ಮೇಲೆಯೇ. ಅಲ್ಲಿಂದಾಚೆಯದೇ ನಿಜವಾದ ಸೊಗಸು: 1420ರಿಂದ 1436ರವರೆಗೆ ಕಟ್ಟಿದ ಒಳ, ಹೊರ ಎರಡು ಗುಮ್ಮಟಗಳ ನಡುವಿನ ಸಂದಿನಲ್ಲಿ ಹತ್ತುವುದು. ಗೋಡೆ ಮೈಮೇಲೆ ಬಾಗುತ್ತದೆ. ಇಟ್ಟಿಗೆ ಸಾಲುಗಳ ನಡುನಡುವೆ ಕೆಲವು ನೆಟ್ಟಗೆ ನಿಂತಿರುವುದನ್ನು ಗಮನಿಸಿ. ಕೆಳಗಿನಿಂದ ಆಧಾರದ ಚೌಕಟ್ಟಿಲ್ಲದೆ ಕಟ್ಟುವಾಗ ಹಸಿ ಸಾಲು ಜಾರದಂತೆ ತಡೆದದ್ದು ಆ ಜೋಡಣೆಯೇ. ಇಕ್ಕಟ್ಟು ಆಗದವರು ಇದನ್ನು ಬಿಟ್ಟುಬಿಡಿ, ಮಧ್ಯದಿಂದ ಹಿಂದಿರುಗುವುದು ಕಷ್ಟ.

ಉಫೀಜಿಯನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಂಡೆ. ಚಿತ್ರಕಾರ ಬೊತ್ತಿಚೆಲ್ಲಿಯ ಕೋಣೆಗಳು ಮೇಲಿನ ಮಹಡಿಯಲ್ಲಿವೆ, ಕಾಲು ಸೋಲುವ ಮುಂಚೆ ಅಲ್ಲಿಗೇ ಹೋಗಿ. ಸಿನ್ಯೊರಿಯ ಚೌಕದಲ್ಲಿ ಕಾಣುವ, ಮೈಕೆಲ್ಯಾಂಜೆಲೊನ ಡೇವಿಡ್ ಶಿಲ್ಪ ನಕಲು. ಮೂಲ ಶಿಲ್ಪ 1873ರಿಂದ ಅಕಾದೆಮಿಯದಲ್ಲಿದೆ.

ವಿಳಾಸ ಹುಡುಕುವಾಗ ಎಡವುವುದು ಇಲ್ಲಿ: ಒಂದೇ ಬೀದಿಗೆ ಎರಡು ಸರಣಿಯ ಮನೆ ಸಂಖ್ಯೆ. ಅಂಗಡಿ, ಊಟದ ಹೋಟೆಲುಗಳಿಗೆ ಕೆಂಪು. ಮನೆಗಳಿಗೆ ಕಪ್ಪು ಅಥವಾ ನೀಲಿ. ಸಂಖ್ಯೆಯ ಪಕ್ಕ ‘ಆರ್’ ಅಕ್ಷರ ಇದ್ದರೆ ಕೆಂಪು. ಕೆಂಪು 25ಕ್ಕೂ ಕಪ್ಪು 25ಕ್ಕೂ ಸಂಬಂಧವೇ ಇಲ್ಲ, ನಡುವೆ ಒಳ್ಳೇ ದೂರವಿರಬಹುದು.

ಸಸ್ಯಾಹಾರಿಗಳು ‘ಸೆನ್ಸಾ ಕಾರ್ನೆ’ (ಮಾಂಸವಿಲ್ಲದೆ) ಎಂದಷ್ಟೇ ಹೇಳಿದರೆ ಸಾಲದು. ಬೀನ್ಸ್ ಕಾಳು, ಸೊಪ್ಪು, ಬ್ರೆಡ್ಡಿನ ರಿಬೊಲ್ಲೀತ ಸೂಪಿಗೂ ಕೆಲವರು ಮಾಂಸದ ಸಾರು ಹಾಕುತ್ತಾರೆ, ‘ಬ್ರೊದೊ’ (ಸಾರು) ಯಾವುದೆಂದು ಕೇಳಿ. ಬ್ರೆಡ್ಡಿಗೆ ಉಪ್ಪೇ ಇರುವುದಿಲ್ಲ, ಹಳಸಿದ್ದಲ್ಲ, ಫ್ಲಾರೆನ್ಸ್ ಇರುವ ತೊಸ್ಕಾನ ಪ್ರಾಂತ್ಯದ ಪದ್ಧತಿ. ಕಾಫಿಯನ್ನು ನಮ್ಮ ದರ್ಶಿನಿಯ ಹಾಗೆ ನಿಂತೇ ಕುಡಿಯಿರಿ; ಕೂತರೆ ಬಿಲ್ ಏರುತ್ತದೆ.

ಬಾಡಿಗೆ ಕಾರು ಬೇಡ. ಹಳೇ ಊರಿನ ಒಳಭಾಗಕ್ಕೆ ಪರವಾನಗಿ ಇಲ್ಲದೆ ನುಗ್ಗಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ವಿಮಾನ ನಿಲ್ದಾಣದಿಂದ ಟಿ2 ಟ್ರಾಮ್ ಇದೆ. ಪೀಸಾಗೆ ಪ್ರಾದೇಶಿಕ ರೈಲು ಹತ್ತುವುದಾದರೆ ಕಾಗದದ ಟಿಕೆಟನ್ನು ಪ್ಲಾಟ್‌ಫಾರಂನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟು ಕೊಂಡ ಟಿಕೆಟ್ಟೇ ಆದರೂ ಮುದ್ರೆ ಇಲ್ಲದಿದ್ದರೆ ದಂಡ.