ಕೂತಿದ್ದಕ್ಕೆ ಎಷ್ಟಾಯ್ತು?

ನನ್ನದು ಕೂತು ಮಾಡುವ ಕೆಲಸ. ಮೈಸೂರಿನ ಚಾಮರಾಜಪುರಂನಲ್ಲಿ ಮೊದಲ ಮಹಡಿಯ ಸಣ್ಣ ಆಫೀಸು. ಅಂಗಡಿಯವರ ಲೆಕ್ಕ ಬರೆಯೋದು, ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್. ಇಪ್ಪತ್ತೆರಡು ವರ್ಷದಿಂದ ಇದೇ. ಕಾಫಿ ಟೇಬಲ್ಲಿಗೇ ಬರುತ್ತಿತ್ತು. ಬ್ಯಾಂಕಿಗೆ ಹುಡುಗ ಹೋಗುತ್ತಿದ್ದ. ಮನೆ ಎರಡೇ ಕಿಲೋಮೀಟರ್, ಅದಕ್ಕೂ ಸ್ಕೂಟರ್. ಒಮ್ಮೆ ಫೋನಿನಲ್ಲಿ ಹೆಜ್ಜೆ ಎಣಿಕೆ ನೋಡಿದೆ. ಇಡೀ ದಿನಕ್ಕೆ 1,900. ಫೋನೇ ಸರಿಯಿಲ್ಲ ಅಂದುಕೊಂಡು ಸುಮ್ಮನಾದೆ.

2023ರ ಜುಲೈ 26. ಕೆಳಗಿನ ಶೆಲ್ಫಿನಲ್ಲಿದ್ದ ಬಾಕ್ಸ್ ಫೈಲ್ ತೆಗೆಯಲು ಬಗ್ಗಿದೆ. ಸೊಂಟದಲ್ಲಿ ಚಳಕ್ ಅಂತು. ಅಷ್ಟೇ, ಮೇಲೇಳಲು ಆಗಲಿಲ್ಲ. ಒಂದು ಕೈ ಶೆಲ್ಫಿನ ಮೇಲೆ, ಇನ್ನೊಂದರಲ್ಲಿ ಫೈಲು. ಎದುರಿಗೆ ಕೂತಿದ್ದ ಬಟ್ಟೆ ಅಂಗಡಿಯವರು ನಾನೇನೋ ಹುಡುಕುತ್ತಿದ್ದೇನೆ ಅಂದುಕೊಂಡು, "ನಿಧಾನ ಸಾರ್, ಅರ್ಜೆಂಟ್ ಏನಿಲ್ಲ" ಅಂದರು. ಅರ್ಜೆಂಟ್ ಇದ್ದದ್ದು ನನಗೆ. ರಿಟರ್ನ್ ಸಲ್ಲಿಸಲು 31ನೇ ತಾರೀಕು ಕೊನೇ ದಿನ, ನಲವತ್ತಕ್ಕೂ ಜಾಸ್ತಿ ಬಾಕಿ ಇದ್ದವು. ಮನೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಹೇಳುತ್ತಾ ಹೇಳುತ್ತಾ ಮಾಡಿಸಿದರೂ ಹನ್ನೊಂದು ಉಳಿದವು. ಐದು ಲಕ್ಷದೊಳಗಿನ ಆದಾಯಕ್ಕೆ ಲೇಟ್ ಫೀ 1,000 ರೂಪಾಯಿ, ಅದರ ಮೇಲಿದ್ದರೆ 5,000. ಆ ಹನ್ನೊಂದರಲ್ಲಿ ನಾಲ್ಕು ದೊಡ್ಡವು, ಏಳು ಸಣ್ಣವು. ಒಟ್ಟು 27,000. ತಪ್ಪು ನನ್ನದು, ಕಕ್ಷಿದಾರರ ಹತ್ತಿರ ಕೇಳೋದು ಹೇಗೆ? ನಾನೇ ಕಟ್ಟಿದೆ.

ಎಂಆರ್‌ಐ ನೋಡಿ ಡಾಕ್ಟರ್, "ದೊಡ್ಡದೇನೂ ಇಲ್ಲ, ಸ್ನಾಯು ಸೋತಿವೆ. ಕೂರೋದು ಕಮ್ಮಿ ಮಾಡಿ" ಅಂದರು.

ಆ 27,000ವನ್ನು ಯಾವ ತಲೆಬರಹದಲ್ಲಿ ಬರೆಯೋದು ಅಂತ ಯೋಚಿಸುವಾಗಲೇ ಹೊಸ ಖಾತೆ ತೆರೆದದ್ದು. ಒಂದು ಲಾಂಗ್ ಬುಕ್ ತೆಗೆದು ಮೇಲೆ 'ಕೂತ ಖರ್ಚು' ಅಂತ ಬರೆದೆ. ಮೆಡಿಕಲ್ ಸ್ಟೋರಿನ ಚೀಟಿ, ಯುಪಿಐ ಹಿಸ್ಟರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಹರಡಿಕೊಂಡೆ. ನಿಯಮ ಒಂದೇ: ನಾನು ಓಡಾಡಿಕೊಂಡಿದ್ದಿದ್ದರೆ ಈ ಖರ್ಚು ಬರುತ್ತಿತ್ತಾ? ಇಲ್ಲ ಅಂದರೆ ಪೂರ್ತಿ ಬರೆಯೋದು. ಅನುಮಾನ ಇದ್ದರೆ ಅರ್ಧ.

ಅನುಮಾನ ಬಂದದ್ದು ಶುಗರ್ ವಿಷಯದಲ್ಲಿ. ಮಾತ್ರೆ, ರಕ್ತ ಪರೀಕ್ಷೆ ಸೇರಿ ವರ್ಷಕ್ಕೆ 9,600. ಅಪ್ಪನಿಗೂ ಶುಗರ್ ಇತ್ತಲ್ಲ, ಎಲ್ಲಾ ಕುರ್ಚಿಯ ಮೇಲೆ ಹಾಕೋದು ನ್ಯಾಯ ಅಲ್ಲ ಅನ್ನಿಸಿತು. ಆದರೆ ಗದ್ದೆ ಕೆಲಸ ಮಾಡಿದ ಅಪ್ಪನಿಗೆ ಅದು ಬಂದದ್ದು ಅರವತ್ತೆರಡಕ್ಕೆ, ನನಗೆ ನಲವತ್ತನಾಲ್ಕಕ್ಕೆ. ಅರ್ಧ ಅಪ್ಪನ ಖಾತೆಗೆ, ಅರ್ಧ ಕುರ್ಚಿಗೆ ಅಂತ 4,800 ಬರೆದೆ.

ಉಳಿದದ್ದು ಸಲೀಸು. ಎಂಆರ್‌ಐ 6,500. ಡಾಕ್ಟರ್ ಫೀಸು, ಮಾತ್ರೆ, ಬೆಲ್ಟ್ 4,200. ಫಿಸಿಯೋಥೆರಪಿ ಹದಿನೈದು ದಿನ, 6,000. ಜಿಮ್ಮಿಗೆ ಒಂದು ವರ್ಷದ್ದು ಮುಂಗಡವಾಗಿ 12,000 ಕಟ್ಟಿ ಹತ್ತೊಂಬತ್ತು ದಿನ ಹೋಗಿದ್ದೆ, ದಿನಕ್ಕೆ 630 ರೂಪಾಯಿ ಬಿತ್ತು. ಕೂತು ಕೆಟ್ಟ ಬೆನ್ನಿಗೆ ಇನ್ನೂ ಚೆನ್ನಾಗಿ ಕೂರಲಿ ಅಂತ 13,500 ಕೊಟ್ಟು ಕುರ್ಚಿ ತಂದಿದ್ದೆ, ಅದೂ ಸೇರಿತು. ಲೇಟ್ ಫೀ ಸೇರಿ ಆ ವರ್ಷದ ಮೊತ್ತ 74,000.

ಇನ್ಶೂರೆನ್ಸ್‌ನಿಂದ ಒಂದು ಪೈಸೆ ಬರಲಿಲ್ಲ. ನನ್ನ ಪಾಲಿಸಿಯಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ದುಡ್ಡು. ತೆರಿಗೆಯಲ್ಲಿ ಸಿಗುತ್ತಾ ಅಂದರೆ, ಆರೋಗ್ಯದ ಖರ್ಚಿಗೆ ರಿಯಾಯಿತಿ ಕೊಡುವ 80ಡಿ ಸೆಕ್ಷನ್‌ನಲ್ಲಿ ಆಗ ಪ್ರೀಮಿಯಂಗೆ ಜಾಗ ಇತ್ತು, ತಪಾಸಣೆಗೆ 5,000 ಇತ್ತು. ನನ್ನ ವಯಸ್ಸಿನವರ ಮಾತ್ರೆಗೂ ಫಿಸಿಯೋಗೂ ಇರಲಿಲ್ಲ. ಕೂತ ಖರ್ಚು ಒಂದೇ ಬಿಲ್ಲಾಗಿ ಬಂದರೆ ಎದೆ ಒಡೆಯುತ್ತೆ. ನಾನೂರು, ಆರುನೂರು ಅಂತ ಚಿಲ್ಲರೆಯಾಗಿ ಹೋಗೋದರಿಂದ ಕಣ್ಣಿಗೇ ಬೀಳೋದಿಲ್ಲ.

ನನ್ನದೇ ಹುಚ್ಚು ಲೆಕ್ಕ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಜಗತ್ತಿನ ಮಟ್ಟದಲ್ಲೂ ಇದನ್ನು ಲೆಕ್ಕ ಹಾಕಿದ್ದಾರೆ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 142 ದೇಶಗಳ ಲೆಕ್ಕ ಬಂತು. ಮೈ ಬಗ್ಗಿಸದ ಬದುಕಿನಿಂದ 2013 ಒಂದೇ ವರ್ಷದಲ್ಲಿ ಚಿಕಿತ್ಸೆ ಮತ್ತು ದುಡಿಮೆಯ ನಷ್ಟ ಸೇರಿ 6,750 ಕೋಟಿ ಡಾಲರ್. ಅವರೂ ನನ್ನ ಹಾಗೆ ಪಾಲು ಹಾಕಿದ್ದಾರೆ, ರೋಗದ ಪೂರ್ತಿ ಖರ್ಚನ್ನು ಕುರ್ಚಿಗೆ ಕಟ್ಟಿಲ್ಲ. ಹೃದಯ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಸ್ತನ ಮತ್ತು ಕರುಳಿನ ಕ್ಯಾನ್ಸರ್, ಈ ಐದನ್ನೇ ಹಿಡಿದಿದ್ದಾರೆ. ನನ್ನ ಬೆನ್ನುನೋವು ಅದರಲ್ಲಿ ಇಲ್ಲವೇ ಇಲ್ಲ! ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಚಿಕಿತ್ಸೆಯ ಖರ್ಚಿನಲ್ಲಿ ಶೇ. 80ರಷ್ಟು ಶ್ರೀಮಂತ ದೇಶಗಳದ್ದು, ರೋಗದ ಹೊರೆಯಲ್ಲಿ ಶೇ. 75ರಷ್ಟು ನಮ್ಮಂಥ ದೇಶಗಳದ್ದು. ಖರ್ಚು ಕಮ್ಮಿ ಅಂದರೆ ನಾವು ಗಟ್ಟಿಮುಟ್ಟು ಅಂತಲ್ಲ, ದುಡ್ಡು ಹಾಕಲಾಗದೆ ಮೈಯಲ್ಲೇ ತೀರಿಸುತ್ತಿದ್ದೇವೆ ಅಂತ.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಸ್ಕೂಟರ್ ಮನೆಯಲ್ಲಿ ಬಿಟ್ಟೆ. ಹೋಗಲು 25 ನಿಮಿಷ, ಬರಲು 25. ವಾರಕ್ಕೆ ಆರು ದಿನ, 300 ನಿಮಿಷ ತಾನಾಗಿ ಆಯ್ತು. ಭಾನುವಾರ ಮನಸ್ಸಾದರೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು. ಪ್ರಿಂಟರ್ ಎತ್ತಿ ಆಚೆ ರೂಮಿಗೆ ಹಾಕಿದೆ. ಕಾಫಿಗೆ ನಾನೇ ಮೆಟ್ಟಿಲು ಇಳಿದು ಹೋಗುತ್ತೇನೆ. ಬ್ಯಾಂಕಿಗೂ ನಾನೇ. ಇದರಲ್ಲಿ ನೆನೆಸದ ಒಂದು ಲಾಭ ಆಯ್ತು. ಓಡಾಟ ತಪ್ಪಿದ ಹುಡುಗ ಆ ಹೊತ್ತಿನಲ್ಲಿ ಜಿಎಸ್‌ಟಿ ಎಂಟ್ರಿ ಕಲಿತ. ಈಗ ಸೇಲ್ಸ್ ಬಿಲ್ಲೆಲ್ಲಾ ಅವನೇ ಏರಿಸುತ್ತಾನೆ, ಸಂಬಳ ಜಾಸ್ತಿ ಮಾಡಿದ್ದೇನೆ. ಆದರೆ ಈಗ ಅವನೂ ಕೂತೇ ಇರುತ್ತಾನೆ, ಹಾಗಾಗಿ ಪ್ರಿಂಟರ್‌ನಿಂದ ಕಾಗದ ತರೋದನ್ನು ಇಬ್ಬರೂ ಹಂಚಿಕೊಂಡಿದ್ದೇವೆ.

ಮರುವರ್ಷ ಖಾತೆಯಲ್ಲಿ 8,000 ಬಂತು. ಶೂ 2,900, ಶುಗರ್ ಬಾಬ್ತಿನ ಅರ್ಧ 3,900, ಫಿಸಿಯೋ ಮೂರು ದಿನ 1,200. ಆ ಮೂರು ದಿನ ಯಾಕೆ ಅಂದರೆ, 2024ರ ಜುಲೈನಲ್ಲಿ ಕೆಲಸ ಜಾಸ್ತಿ ಅಂತ ಮತ್ತೆ ಸ್ಕೂಟರ್ ಹತ್ತಿದ್ದೆ. ಮೂರೇ ವಾರಕ್ಕೆ ಸೊಂಟ ನೆನಪಿಸಿತು. ಹಾಗಂತ 74ರ ಪಕ್ಕ 8 ಇಟ್ಟು ಬೀಗಿದರೆ ಕಳ್ಳಲೆಕ್ಕ ಆಗುತ್ತೆ. ಕುರ್ಚಿ, ಜಿಮ್ಮು, ಲೇಟ್ ಫೀ ಪ್ರತಿ ವರ್ಷ ಬರುವಂಥದ್ದಲ್ಲ. ಶುಗರ್ ಮಾತ್ರೆಯೂ ನಿಂತಿಲ್ಲ, ಎರಡಿದ್ದದ್ದು ಒಂದಾಗಿದೆ.

ಪುಸ್ತಕ ಒಂದು ದಿನ ಮನೆಯಲ್ಲಿ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಸ್ಕೂಲ್ ಟೀಚರ್. ಕನ್ನಡಕ ಹಾಕಿಕೊಂಡು ಪರೀಕ್ಷೆ ಪೇಪರ್ ನೋಡುವ ಹಾಗೆ ಮೇಲಿಂದ ಕೆಳಗೆ ಓದಿದಳು.

"ರೀ, ನಿಮ್ಮನ್ನು ಎಬ್ಬಿಸಿ ಕೂರಿಸೋಕೆ ನಾನು ಆರು ದಿನ ರಜೆ ಹಾಕಿದ್ದೆನಲ್ಲ, ಅದೆಲ್ಲಿ?"

"ದಿನಕ್ಕೆ ಎಷ್ಟು ಹಾಕ್ಲಿ?" ಅಂದೆ.

"ನೀವೇ ಲೆಕ್ಕದವರಲ್ವಾ" ಅಂದು ಒಳಗೆ ಹೋದಳು. 'ರಜೆ, ಆರು ದಿನ' ಅಂತ ಬರೆದಿದ್ದೇನೆ. ಮೊತ್ತದ ಕಾಲಂ ಇನ್ನೂ ಖಾಲಿ ಇದೆ.