ಪ್ರವಾದನೆಯ ಅಂಕಿಗಳನ್ನು ನಾನು ಓದುವ ಬಗೆ

ಬೈಬಲ್ಲಿನ ಪ್ರವಾದನೆಯಲ್ಲಿ ಒಂದು ಅಂಕಿ ಸಿಕ್ಕ ಕೂಡಲೇ ಕ್ಯಾಲೆಂಡರ್ ಹಿಡಿದು ಕೂರುವವರೇ ಜಾಸ್ತಿ. ನಾನು ಮೊದಲು ನೋಡುವುದು ಬೇರೆ. ಆ ಮಾತು ಯಾರ ಕಿವಿಗೆ ಬಿತ್ತು? ಕೇಳಿದ ಮೇಲೆ ಅವರು ಏನು ಮಾಡಬೇಕಿತ್ತು? ನೋಟ್‌ಬುಕ್ಕಿನಲ್ಲಿ ಇದನ್ನು ಬರೆದುಕೊಂಡ ಮೇಲೆಯೇ ವರ್ಷದ ಲೆಕ್ಕ.

ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಹೇಳಿದ ಎಪ್ಪತ್ತು ವರ್ಷವನ್ನೇ ತಗೊಳ್ಳಿ. ಅವನ ಪುಸ್ತಕದ 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಜನರ ಮುಂದೆ ನಿಂತು, ಎರಡೇ ವರ್ಷದೊಳಗೆ ದೇವಾಲಯದ ಪಾತ್ರೆಗಳೂ ಸೆರೆಯಾದವರೂ ಬಾಬೆಲಿನಿಂದ ವಾಪಸ್ ಬರುತ್ತಾರೆ ಎನ್ನುತ್ತಾನೆ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನ ಕುತ್ತಿಗೆಯ ಮೇಲಿದ್ದ ನೊಗವನ್ನೂ ತೆಗೆದು ಮುರಿಯುತ್ತಾನೆ. ಮುಂದಿನ ಅಧ್ಯಾಯದಲ್ಲೇ ಸೆರೆಯಾದವರಿಗೆ ಯೆರೆಮೀಯನ ಪತ್ರ ಇದೆ. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿಗೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ. ಎಪ್ಪತ್ತು ವರ್ಷ ತುಂಬಿದ ಮೇಲೆ ವಾಪಸ್ ಕರೆತರುವುದು. ಎರಡು ವರ್ಷ ಅಂದ್ರೆ ಗಂಟುಮೂಟೆ ಬಿಚ್ಚದೆ ಕಾಯಬಹುದು. ಎಪ್ಪತ್ತು ಅಂದ್ರೆ ಪತ್ರ ಓದಿದ ದೊಡ್ಡವರು ಅಲ್ಲೇ ಮಣ್ಣಾಗ್ತಾರೆ, ಬರೋದು ಮೊಮ್ಮಕ್ಕಳು. 90ನೇ ಕೀರ್ತನೆಯಲ್ಲೂ ಮನುಷ್ಯನ ಆಯಸ್ಸು ಎಪ್ಪತ್ತೇ ಅಲ್ವಾ?

ಇಷ್ಟಾದ ಮೇಲೆ ಇಸವಿಗಳನ್ನು ಪಕ್ಕದಲ್ಲಿ ಇಡುತ್ತೇನೆ. ಕ್ರಿ.ಪೂ. 605ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಕರ್ಕೆಮೀಷಿನ ಯುದ್ಧದಲ್ಲಿ ಗೆದ್ದ, 539ರಲ್ಲಿ ಬಾಬೆಲ್ ಬಿತ್ತು. 66 ವರ್ಷ. ದೇವಾಲಯ ಸುಟ್ಟಿದ್ದು 586ರ ಆಸುಪಾಸು, ಮತ್ತೆ ಕಟ್ಟಿ ಮುಗಿದಿದ್ದು 516ರ ಹೊತ್ತಿಗೆ. ಹೆಚ್ಚುಕಮ್ಮಿ 70. ಇವೆರಡರಲ್ಲಿ ಯಾವುದು ಸರಿ ಅಂತ ಸುಮ್ನೆ ಜಗಳಕ್ಕೆ ಹೋಗಲ್ಲ. ಬೈಬಲ್ಲಿನೊಳಗೇ ಈ ಅಂಕಿ ಕೈಯಿಂದ ಕೈಗೆ ಹೋಗಿದೆ. ಜೆಕರ್ಯನಲ್ಲಿ ಅದು ಯೆರೂಸಲೇಮಿನ ಮೇಲಿನ ಸಿಟ್ಟಿನ ಕಾಲ. ಪೂರ್ವಕಾಲವೃತ್ತಾಂತದಲ್ಲಿ ಭೂಮಿ ತನಗೆ ತಪ್ಪಿಹೋದ ಸಬ್ಬತ್ತುಗಳನ್ನು, ಅಂದ್ರೆ ಬಿತ್ತದೆ ಬಿಡಬೇಕಿದ್ದ ವಿಶ್ರಾಂತಿಯ ವರ್ಷಗಳನ್ನು, ವಸೂಲಿ ಮಾಡಿಕೊಂಡ ಕಾಲ. ದಾನಿಯೇಲ 9ರಲ್ಲಿ ಅದೇ ಎಪ್ಪತ್ತು ಏಳುಪಟ್ಟಾಗಿ 490 ಆಗುತ್ತದೆ. ಜೂಬಿಲಿ ಅಂದ್ರೆ ಏಳೇಳು 49 ವರ್ಷ ಕಳೆದು ಐವತ್ತನೆಯದಾಗಿ ಬರುವ ಬಿಡುಗಡೆಯ ವರ್ಷ; ಮಾರಿದ ಜಮೀನು ಆಗ ಮೂಲ ಮನೆತನಕ್ಕೆ ವಾಪಸ್. 49ರ ಲೆಕ್ಕದಲ್ಲಿ ಹತ್ತು ಜೂಬಿಲಿ.

ಒಂದು ದಿನಕ್ಕೆ ಒಂದು ವರ್ಷ ಎಂಬ ಸೂತ್ರವನ್ನು ಅರಣ್ಯಕಾಂಡ 14, ಯೆಹೆಜ್ಕೇಲ 4 ಬಾಯಿಬಿಟ್ಟೇ ಹೇಳುತ್ತವೆ. ಹಾಗೆ ಹೇಳಿದ ಕಡೆ ಮಾತ್ರ ಬಳಸುತ್ತೇನೆ. ದಾನಿಯೇಲ 8ರ 2300 ದಿನಕ್ಕೂ ಅದನ್ನೇ ಹಚ್ಚಿದ್ದರಿಂದಲೇ ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಹಿಂಬಾಲಕರು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ಕೂತಿದ್ದು.

ನನಗೆ ತುಂಬಾ ಹಿಡಿಸಿದ್ದು ಯೆಹೆಜ್ಕೇಲ 40. ಹೊಸ ದೇವಾಲಯದ ದರ್ಶನಕ್ಕೆ ತಾರೀಖು ಹಾಕಿದೆ: ಸೆರೆಯಾದ 25ನೇ ವರ್ಷ. ಜೂಬಿಲಿ ಬರುವುದು ಐವತ್ತಕ್ಕೆ. ಅಂದ್ರೆ ಅರ್ಧ ದಾರಿ. ಆಮೇಲೆ ಅಳತೆಗಳು ಶುರುವಾಗುತ್ತವೆ. ಬಾಗಿಲಿನ ಕಟ್ಟಡ 50 ಮೊಳ ಉದ್ದ, 25 ಮೊಳ ಅಗಲ, ಬಾಗಿಲಿಂದ ಬಾಗಿಲಿಗೆ ಅದೇ ಅಳತೆ. ಬೇಸರದ ಪಟ್ಟಿ ಅಂತ ಬಹಳಷ್ಟು ಜನ ಪುಟ ತಿರುವಿಬಿಡುತ್ತಾರೆ. ನಾನು ಪ್ರತಿ 25, 50ಕ್ಕೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಹೋದೆ. ಬರೀ ಅಳತೆ ನೋಡಿ ಜೂಬಿಲಿ ಅಂದ್ರೆ ಎಳೆದು ತಂದ ಹಾಗಾಗುತ್ತಿತ್ತು. ಆದರೆ 46:17ರಲ್ಲಿ ಬಿಡುಗಡೆಯ ವರ್ಷದ ಹೆಸರೇ ಬರುತ್ತದೆ. ಪ್ರಭು (ಇಲ್ಲಿ ದೇವರಲ್ಲ, ನಾಡನ್ನಾಳುವವನು) ತನ್ನ ಸೇವಕನಿಗೆ ಕೊಟ್ಟ ಜಮೀನು ಆ ವರ್ಷದ ತನಕ ಮಾತ್ರ ಅವನದು. ಮುಂದಿನ ವಚನದಲ್ಲಿ, ಜನರ ಸ್ವಾಸ್ತ್ಯಕ್ಕೆ (ಪಾಲಿಗೆ ಬಂದ ಆಸ್ತಿಗೆ) ಪ್ರಭು ಕೈ ಹಾಕಬಾರದು, ಅವರನ್ನು ಅವರ ಜಮೀನಿನಿಂದ ಓಡಿಸಬಾರದು ಎಂದಿದೆ.